ಖೋಟಾ ಪತ್ರಕ್ಕೆ ಕೈ ಬದಲಾದ ಹೆಸರು

1994ರಲ್ಲಿ ಡಾಟ್ ಕಾಮ್ ಹೆಸರು ನೋಂದಾಯಿಸಲು ಕಾಸು ಕೊಡಬೇಕಿರಲಿಲ್ಲ. ಅಮೆರಿಕದ ನೆಟ್‌ವರ್ಕ್ ಸಲ್ಯೂಷನ್ಸ್ ಕಂಪನಿಗೆ ಅರ್ಜಿ ಹಾಕಿದರೆ ಸಾಕು, ಮೊದಲು ಕೇಳಿದವರಿಗೆ ಹೆಸರು ಸಿಗುತ್ತಿತ್ತು. ಮ್ಯಾಚ್.ಕಾಮ್ ಎಂಬ ಸಂಗಾತಿ ಹುಡುಕುವ ತಾಣವನ್ನು ಸ್ಥಾಪಿಸಿದ ಗ್ಯಾರಿ ಕ್ರೆಮೆನ್ ಆ ವರ್ಷ ಹೀಗೆ ಪಡೆದ ಹೆಸರುಗಳಲ್ಲಿ ಸೆಕ್ಸ್.ಕಾಮ್ ಕೂಡ ಒಂದು. ಅದನ್ನು ಅವರು ಬಳಸದೆ ಖಾಲಿ ಬಿಟ್ಟಿದ್ದರು. ಆ ಖಾಲಿ ಹೆಸರಿನ ಕಳವು ಮತ್ತು ಅದರ ಹಿಂದೆ ಬಂದ ದಾವೆಗಳೇ ಡೊಮೇನ್ ಹೆಸರೂ (ಜಾಲತಾಣದ ವಿಳಾಸವಾಗುವ ಇಂಥ ಹೆಸರು) ಒಂದು ಆಸ್ತಿ ಎಂಬ ತೀರ್ಪಿಗೆ ದಾರಿ ಮಾಡಿದವು.

1995ರ ಅಕ್ಟೋಬರ್‌ನಲ್ಲಿ, ವಂಚನೆ ಪ್ರಕರಣವೊಂದರಲ್ಲಿ ಜೈಲುವಾಸ ಮುಗಿಸಿ ಬಂದಿದ್ದ ಸ್ಟೀಫನ್ ಕೋಹೆನ್ ಎಂಬಾತ ನೆಟ್‌ವರ್ಕ್ ಸಲ್ಯೂಷನ್ಸ್‌ಗೆ ಒಂದು ಪತ್ರ ತಲುಪಿಸಿದ. ಕ್ರೆಮೆನ್ ಅವರ 'ಆನ್‌ಲೈನ್ ಕ್ಲಾಸಿಫೈಡ್ಸ್' ಕಂಪನಿ ತನಗೆ ಬರೆದದ್ದು ಎಂದು ಅವನು ತೋರಿಸಿದ ಪತ್ರ ಅದು. ಕ್ರೆಮೆನ್ ಅವರನ್ನು ಕೆಲಸದಿಂದ ತೆಗೆದಿದ್ದೇವೆ, ಈ ಹೆಸರು ನಮಗೆ ಬೇಡ, ನೀವು ಇಟ್ಟುಕೊಳ್ಳಿ. ನಮಗೆ ನೇರ ಇಂಟರ್ನೆಟ್ ಸಂಪರ್ಕ ಇಲ್ಲವಾದ್ದರಿಂದ ನೋಂದಣಿ ಸಂಸ್ಥೆಗೂ ನೀವೇ ತಿಳಿಸಿ ಎಂಬುದು ಅದರ ಸಾರಾಂಶ. ಇಂಟರ್ನೆಟ್ಟನ್ನೇ ನಂಬಿದ ಕಂಪನಿಗೆ ಸಂಪರ್ಕವಿಲ್ಲ ಎಂಬ ಮಾತೊಂದೇ ಅನುಮಾನಕ್ಕೆ ಸಾಕಿತ್ತು. ಕ್ರೆಮೆನ್‌ಗೆ ಒಂದು ಫೋನ್ ಮಾಡಿದ್ದರೂ ಮೋಸ ಬಯಲಾಗುತ್ತಿತ್ತು. ಯಾರೂ ಮಾಡಲಿಲ್ಲ. ಜಮೀನಿನ ಒಡೆಯನಿಗೆ ನೋಟಿಸನ್ನೂ ಕೊಡದೆ ಖಾತೆ ಬದಲಾಯಿಸಿದ ಹಾಗೆ, ಹೆಸರು ಕೋಹೆನ್ ಪಾಲಾಯಿತು.

ಅವನ ಕೈಯಲ್ಲಿ ಅದು ಅಶ್ಲೀಲ ತಾಣಗಳ ಜಾಹೀರಾತಿನ ಅಡ್ಡೆಯಾಗಿ ಕೋಟ್ಯಂತರ ಡಾಲರ್ ತಂದುಕೊಟ್ಟಿತು. ಕ್ರೆಮೆನ್ 1998ರಲ್ಲಿ ದಾವೆ ಹೂಡಿದರು. 2000ದ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯ ಪತ್ರ ಖೋಟಾ ಎಂದು ತೀರ್ಮಾನಿಸಿ ಹೆಸರನ್ನು ಅವರಿಗೆ ಮರಳಿಸಿತು, ಮರುವರ್ಷ 6.5 ಕೋಟಿ ಡಾಲರ್ ಪರಿಹಾರಕ್ಕೂ ಆದೇಶಿಸಿತು. ಅಷ್ಟರಲ್ಲಿ ಕೋಹೆನ್ ಹಣವನ್ನು ವಿದೇಶಕ್ಕೆ ಸಾಗಿಸಿ, ತಾನೂ ಮೆಕ್ಸಿಕೊಗೆ ಪರಾರಿಯಾಗಿದ್ದ. ಸಿಕ್ಕಿಬಿದ್ದದ್ದು 2005ರಲ್ಲಿ.

ನನ್ನ ದೃಷ್ಟಿಯಲ್ಲಿ ಕಳ್ಳನ ಕತೆಗಿಂತ ಮುಖ್ಯವಾದದ್ದು ನೋಂದಣಿ ಕಂಪನಿಯ ಹೊಣೆಯ ಪ್ರಶ್ನೆ. ಕ್ರೆಮೆನ್ ಅವರ ದಾವೆ ಆ ಕಂಪನಿಯ ಮೇಲೂ ಇತ್ತು. ಕ್ರೆಮೆನ್ ಹಣ ಕೊಟ್ಟಿಲ್ಲ, ಆದ್ದರಿಂದ ಕರಾರೇ ಇಲ್ಲ ಎಂಬುದು ಕಂಪನಿಯ ಮೊದಲ ವಾದ. ಡೊಮೇನ್ ಹೆಸರು ಕೈಗೆ ಸಿಗುವ ವಸ್ತುವಲ್ಲ, ಆದ್ದರಿಂದ ಅದನ್ನು ಪರಭಾರೆ ಮಾಡಿದೆವು ಎಂಬ ಆರೋಪವೂ ನಿಲ್ಲದು ಎಂದು ನೆಟ್‌ವರ್ಕ್ ಸಲ್ಯೂಷನ್ಸ್ ವಾದಿಸಿತು. ಕೆಳಗಿನ ನ್ಯಾಯಾಲಯ ಇದನ್ನು ಒಪ್ಪಿಕೊಂಡಿತು. 2003ರ ಜುಲೈನಲ್ಲಿ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯದ ಪರವಾಗಿ ನ್ಯಾಯಾಧೀಶ ಅಲೆಕ್ಸ್ ಕೊಜಿನ್ಸ್ಕಿ ಬರೆದ ತೀರ್ಪು ಕರಾರಿಲ್ಲ ಎಂಬ ಮಾತನ್ನು ಉಳಿಸಿಕೊಂಡಿತು, ಆದರೆ ಎರಡನೆಯ ವಾದವನ್ನು ತಳ್ಳಿಹಾಕಿತು. ಡೊಮೇನ್ ಹೆಸರಿಗೆ ಖಚಿತವಾದ ಗುರುತಿದೆ, ಅದರ ಹತೋಟಿ ಒಬ್ಬರಲ್ಲೇ ಇರುತ್ತದೆ, ಆ ಹಕ್ಕನ್ನು ಅವರು ನ್ಯಾಯವಾಗಿ ಕೇಳಬಹುದು. ಷೇರಿನಂತೆ, ನಿವೇಶನದಂತೆ ಇದೂ ಆಸ್ತಿ. ಅದನ್ನು ಪರರಿಗೆ ಕೊಟ್ಟವರು ತಾವು ಪ್ರಾಮಾಣಿಕರು ಎಂದಷ್ಟೇ ಹೇಳಿ ಪಾರಾಗಲು ಆಗದು. ಈ ತೀರ್ಪಿನ ಬಳಿಕ ಕಂಪನಿ ಕ್ರೆಮೆನ್ ಜೊತೆ ರಾಜಿ ಮಾಡಿಕೊಂಡಿತು. ದಾಖಲೆ ಕಾಯುವ ಕೆಲಸ ಹೊತ್ತವರು ದಾಖಲೆ ತಪ್ಪಿದರೆ ಉತ್ತರ ಕೊಡಬೇಕು ಎಂಬುದು ಬಹಳ ಹಳೆಯ ನ್ಯಾಯ. ಹೊಸ ತಂತ್ರಜ್ಞಾನದ ನೆಪದಲ್ಲಿ ಅದರಿಂದ ನುಣುಚಿಕೊಳ್ಳಲು ಬಿಡದಿದ್ದದ್ದೇ ಈ ತೀರ್ಪಿನ ಹಿರಿಮೆ.

ಹೆಸರು ಅಲ್ಲಿಗೂ ನಿಲ್ಲಲಿಲ್ಲ. 2006ರಲ್ಲಿ ಕ್ರೆಮೆನ್ ಅದನ್ನು ಎಸ್ಕಾಮ್ ಎಂಬ ಕಂಪನಿಗೆ ಮಾರಿದರು. ಎಸ್ಕಾಮ್ ಸಾಲದ ಸುಳಿಗೆ ಬಿದ್ದು, 2010ರಲ್ಲಿ ದಿವಾಳಿ ಪ್ರಕ್ರಿಯೆಯ ಮೂಲಕ ಹೆಸರು 1.3 ಕೋಟಿ ಡಾಲರಿಗೆ ಮತ್ತೆ ಬಿಕರಿಯಾಯಿತು.

ಭಾರತದಲ್ಲಿ ಇದೇ ಕಾಲದ ದೊಡ್ಡ ವ್ಯಾಜ್ಯ ಹುಟ್ಟಿದ್ದು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ. 'ಸಿಫಿ' ಹೆಸರಿನ ತಾಣಗಳನ್ನು ನಡೆಸುತ್ತಿದ್ದ ಸತ್ಯಂ ಇನ್ಫೋವೇ, 'ಸಿಫಿನೆಟ್' ಎಂಬ ಹೆಸರಿನಲ್ಲಿ ವ್ಯವಹಾರ ಆರಂಭಿಸಿದ ಇನ್ನೊಂದು ಕಂಪನಿಯ ವಿರುದ್ಧ ತಡೆಯಾಜ್ಞೆ ಪಡೆಯಿತು. ಹೈಕೋರ್ಟ್ ಅದನ್ನು ತೆರವುಗೊಳಿಸಿತು. 2004ರಲ್ಲಿ ನ್ಯಾಯಮೂರ್ತಿ ರುಮಾ ಪಾಲ್ ಬರೆದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆಯನ್ನು ಮರಳಿ ಜಾರಿಗೆ ತಂದಿತು. ಇಲ್ಲಿ ಕಳವಿನ ಪ್ರಶ್ನೆ ಇರಲಿಲ್ಲ, ಜನ ಒಂದನ್ನು ಇನ್ನೊಂದೆಂದು ತಿಳಿದು ಮೋಸಹೋಗುವ ಭಯವಿತ್ತು. ಡೊಮೇನ್ ವಿವಾದಗಳಿಗೆಂದೇ ಕಾನೂನು ಇಲ್ಲದಿದ್ದರೂ ಟ್ರೇಡ್‌ಮಾರ್ಕ್ ಕಾನೂನಿನ ರಕ್ಷಣೆ ಸಾಧ್ಯವಾದಷ್ಟೂ ಈ ಹೆಸರುಗಳಿಗೆ ಸಲ್ಲುತ್ತದೆ ಎಂದು ಕೋರ್ಟ್ ಹೇಳಿತು. ನೋಂದಣಿಯ ಚೀಟಿಯೊಂದೇ ಸಾಲದು, ಹೆಸರಿಗೆ ಮೊದಲು ಮನ್ನಣೆ ಗಳಿಸಿದವರು ಯಾರು ಎಂಬುದನ್ನೂ ಇಲ್ಲಿನ ನ್ಯಾಯಾಲಯಗಳು ಕೇಳುತ್ತವೆ.