ಮಳೆಯನ್ನು ಬದಿಗಿಟ್ಟು ಬರೆದ ಚರಿತ್ರೆ

1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಅರಕೆರೆಯ ಬಳಿ ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿ ಶ್ರೀರಂಗಪಟ್ಟಣದ ಹೊಸ್ತಿಲಿಗೆ ಬಂದು ನಿಂತಿದ್ದ. ಆದರೂ ಆ ಸಲ ಕೋಟೆಗೆ ಮುತ್ತಿಗೆ ಬೀಳಲಿಲ್ಲ. ಅಲ್ಲಿಂದ ಕನ್ನಂಬಾಡಿಯವರೆಗೆ ಸಾಗಿದ ಕಾರ್ನ್‌ವಾಲಿಸ್, ಬೆಂಗಳೂರಿನಿಂದ ಎಳೆಸಿಕೊಂಡು ತಂದಿದ್ದ ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿಸಿ ಬಂದ ದಾರಿಗೆ ಹೊರಳಿದ. ಎಳೆಯುವ ಎತ್ತುಗಳು ಮೇವಿಲ್ಲದೆ, ರೋಗ ಹತ್ತಿ ಸಾವಿರಗಟ್ಟಲೆ ಸತ್ತಿದ್ದವು. ದಾರಿಯ ಊರುಗಳಲ್ಲಿ ದವಸ ಸಿಗದಂತೆ ಟಿಪ್ಪು ಮೊದಲೇ ಬರಿದು ಮಾಡಿಸಿದ್ದ. ಅದರ ಮೇಲೆ ಮಳೆಯೂ ಹಿಡಿದಿತ್ತು. ಎಂಟು ವರ್ಷಗಳ ನಂತರ ಜನರಲ್ ಹ್ಯಾರಿಸ್ ಮುತ್ತಿಗೆಯನ್ನು ಅಷ್ಟು ಅವಸರದಿಂದ ನಡೆಸಿದ್ದಕ್ಕೂ, ಮುಂಗಾರಿಗೆ ಕಾವೇರಿ ತುಂಬಿ ಬಂದರೆ ಕೋಟೆಯ ಗೋಡೆಯನ್ನು ಮುಟ್ಟುವುದೇ ಸಾಧ್ಯವಿಲ್ಲವೆಂಬ ಲೆಕ್ಕಾಚಾರವೇ ಒಂದು ಮುಖ್ಯ ಕಾರಣ. 1799ರ ಮೇ 4ರಂದು ಕೋಟೆ ಬಿದ್ದಾಗ ಹೊಳೆಯಲ್ಲಿ ನೀರಿನ್ನೂ ಇಳಿಮುಖವಾಗಿತ್ತು.

ನಮ್ಮ ಪಠ್ಯಪುಸ್ತಕಗಳಲ್ಲಿ ಈ ಎರಡು ಯುದ್ಧಗಳೂ ಸೇನಾಪತಿಗಳು, ಒಪ್ಪಂದಗಳು, ವಿಶ್ವಾಸದ್ರೋಹಗಳ ಕಥೆಯಾಗಿ ಬರುತ್ತವೆ. ಮಳೆ, ಮೇವು, ಹೊಳೆ ಅಲ್ಲಿ ಹಿನ್ನೆಲೆಯಲ್ಲಿರುತ್ತವೆ. ಮನುಷ್ಯರ ಚರಿತ್ರೆಗೊಂದು ಗತಿ, ಪ್ರಕೃತಿಗೆ ಇನ್ನೊಂದು ಗತಿ ಎಂಬ ನಂಬಿಕೆ ಈ ವಿಭಜನೆಯ ಹಿಂದಿದೆ: ರಾಜ್ಯಗಳು ಹತ್ತಾರು ವರ್ಷಗಳಲ್ಲಿ ಏಳುತ್ತವೆ, ಬೀಳುತ್ತವೆ, ಹವಾಮಾನವೋ ಸಾವಿರಾರು ವರ್ಷಗಳಿಗೊಮ್ಮೆ ಬದಲಾಗುವಂಥದ್ದು, ಆದ್ದರಿಂದ ಅದನ್ನು ಸ್ಥಿರವೆಂದು ಹಿಡಿದು ಕಥೆ ಹೇಳಬಹುದು. ಇಪ್ಪತ್ತನೇ ಶತಮಾನದ ಬಹುಪಾಲು ಚರಿತ್ರೆಕಾರರಿಗೆ ಇದು ಚರ್ಚೆಯ ವಿಷಯವೇ ಆಗಿರಲಿಲ್ಲ.

ಹವಾಮಾನ ಬದಲಾವಣೆಯ ವಿಜ್ಞಾನ ಈ ನಂಬಿಕೆಯನ್ನು ಎರಡು ಕಡೆಯಿಂದ ಅಲುಗಾಡಿಸಿದೆ. ಹಿಂದಿನ ಕಾಲದ ಮಳೆಯೂ ಸ್ಥಿರವಾಗಿರಲಿಲ್ಲ ಎಂಬುದು ಒಂದು. ಈಗಿನ ಮಳೆಯಲ್ಲಿ ಮನುಷ್ಯರ ಕೈಯೂ ಇದೆ ಎಂಬುದು ಇನ್ನೊಂದು. 2009ರಲ್ಲಿ ಚರಿತ್ರೆಕಾರ ದೀಪೇಶ್ ಚಕ್ರವರ್ತಿ ಪ್ರಕಟಿಸಿದ ಪ್ರಬಂಧವೊಂದು ಈ ಎರಡನೆಯ ಮಾತನ್ನೇ ಕೇಂದ್ರಕ್ಕೆ ತಂದಿತು. ಕಲ್ಲಿದ್ದಲು, ತೈಲಗಳನ್ನು ಉರಿಸಿ ವಾತಾವರಣದ ರಚನೆಯನ್ನೇ ಬದಲಿಸಿದ ಮನುಷ್ಯಕುಲ ಈಗ ಒಂದು ಭೂವೈಜ್ಞಾನಿಕ ಶಕ್ತಿಯಾಗಿದೆ, ಹಾಗಾಗಿ ಪ್ರಕೃತಿಯ ಚರಿತ್ರೆ ಮತ್ತು ಮನುಷ್ಯನ ಚರಿತ್ರೆ ಎಂಬ ಹಳೆಯ ಗೆರೆ ಅಳಿಸಿಹೋಗಿದೆ ಎಂಬುದು ಅವರ ವಾದ. ಅದಕ್ಕೂ ಮೊದಲೇ ರಸಾಯನಶಾಸ್ತ್ರಜ್ಞ ಪಾಲ್ ಕ್ರುಟ್ಜನ್ ಈ ಯುಗವನ್ನು ‘ಆಂಥ್ರೊಪೊಸೀನ್’ ಎಂದು ಕರೆದು, ಅದರ ಆರಂಭವನ್ನು ಹದಿನೆಂಟನೇ ಶತಮಾನದ ಕೊನೆಗೆ, ಜೇಮ್ಸ್ ವಾಟ್‌ನ ಉಗಿಯಂತ್ರದ ಕಾಲಕ್ಕೆ ಹಚ್ಚಬಹುದು ಎಂದಿದ್ದರು. ಅಂದರೆ ಕಾರ್ನ್‌ವಾಲಿಸ್ ಕನ್ನಂಬಾಡಿಯಲ್ಲಿ ಎತ್ತುಗಳಿಲ್ಲದೆ ಸಿಕ್ಕಿಬಿದ್ದ ಕಾಲವೂ, ಬ್ರಿಟನ್ನಿನಲ್ಲಿ ಎತ್ತು ಕುದುರೆಗಳ ಕೆಲಸಕ್ಕೆ ಕಲ್ಲಿದ್ದಲು ಬರತೊಡಗಿದ ಕಾಲವೂ ಒಂದೇ. (ಭೂವಿಜ್ಞಾನಿಗಳ ಅಧಿಕೃತ ಸಮಿತಿ 2024ರಲ್ಲಿ ಈ ಹೊಸ ಯುಗದ ಪ್ರಸ್ತಾವವನ್ನು ತಿರಸ್ಕರಿಸಿತು. ಯುಗಕ್ಕೆ ಹೆಸರು ಸಿಗದಿದ್ದ ಮಾತ್ರಕ್ಕೆ ಗಾಳಿಯಲ್ಲಿನ ಇಂಗಾಲವೇನೂ ಕಡಿಮೆಯಾಗಲಿಲ್ಲ.)

ಈ ವಾದದ ತೂಕ ತಿಳಿಯಬೇಕಾದರೆ ಮೈಸೂರು ಸೀಮೆಯವರು 1876–78ರ ಮಹಾಕ್ಷಾಮವನ್ನು ಮತ್ತೊಮ್ಮೆ ನೋಡಬೇಕು. ಹಳಬರ ಬಾಯಲ್ಲಿ ಅದು ಧಾತು–ಈಶ್ವರ ಸಂವತ್ಸರಗಳ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50.5 ಲಕ್ಷ, 1881ರಲ್ಲಿ ಅದು ಸುಮಾರು 41.9 ಲಕ್ಷ. ಹತ್ತು ವರ್ಷಗಳಲ್ಲಿ ಬೆಳೆಯಬೇಕಿದ್ದ ನಾಡು ಎಂಟು ಲಕ್ಷಕ್ಕೂ ಹೆಚ್ಚು ಜನರಷ್ಟು ಕುಗ್ಗಿತ್ತು. ಆಗ ಸಂಸ್ಥಾನ ಬ್ರಿಟಿಷ್ ಕಮಿಷನರುಗಳ ನೇರ ಆಡಳಿತದಲ್ಲಿತ್ತು. ಮಳೆ ಕೈಕೊಟ್ಟ ಮೇಲೂ ಭಾರತದ ಬಂದರುಗಳಿಂದ ಧಾನ್ಯ ಹೊರದೇಶಕ್ಕೆ ಹೋಗುತ್ತಲೇ ಇತ್ತು. ವೈಸರಾಯ್ ಲಿಟ್ಟನ್ನನ ಪ್ರತಿನಿಧಿಯಾಗಿ ದಕ್ಷಿಣಕ್ಕೆ ಬಂದ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯದ ಲೆಕ್ಕಕ್ಕೆ ಇಳಿಸಬೇಕೆಂದ. ಬೆಂಗಳೂರು–ಮೈಸೂರು ರೈಲುದಾರಿಯ ಮಣ್ಣುಕೆಲಸ ಬರ ಪರಿಹಾರದ ಕಾಮಗಾರಿಯಾಗಿಯೇ ಶುರುವಾಯಿತು. 1882ರಲ್ಲಿ ಮೈಸೂರಿಗೆ ರೈಲು ಬಂತು. ಇಂದು ಮದ್ದೂರು, ಮಂಡ್ಯ ದಾಟಿ ಓಡಾಡುವ ಆ ಹಾದಿಯ ಏರಿಯಲ್ಲಿ ಹಸಿದವರು ಹೊತ್ತು ಹಾಕಿದ ಮಣ್ಣಿದೆ. 1881ರಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರಿಗೆ ಆಡಳಿತ ಹಿಂತಿರುಗಿದಾಗ, ಜೊತೆಗೆ ಬಂದದ್ದು ಕ್ಷಾಮದ ಬಾಬ್ತಿನ 80 ಲಕ್ಷ ರೂಪಾಯಿ ಸಾಲ.

ಯಾರು ಹೊಣೆ ಎಂಬ ಪ್ರಶ್ನೆಗೆ ಅಂದಿನಿಂದಲೂ ಎರಡು ಉತ್ತರಗಳಿವೆ. ಸರಕಾರದ ವರದಿಗಳು ಮಳೆಯ ಕಡೆಗೆ ಬೆರಳು ಮಾಡಿದವು. ದಾದಾಭಾಯಿ ನವರೋಜಿ, ರಮೇಶ್‌ಚಂದ್ರ ದತ್ತರಂಥ ರಾಷ್ಟ್ರೀಯವಾದಿಗಳು, ಜನರನ್ನು ಕೊಂದದ್ದು ಕಂದಾಯ ಮತ್ತು ಸಂಪತ್ತಿನ ಸೋರಿಕೆ ಎಂದರು. ನೂರು ವರ್ಷಗಳ ಕಾಲ ನಮ್ಮ ಒಳ್ಳೆಯ ಚರಿತ್ರೆಕಾರರೆಲ್ಲ ಈ ಎರಡನೆಯ ಪಕ್ಷದವರೇ ಆಗಿದ್ದರು, ಮತ್ತು ಅದು ಸರಿಯಾಗಿಯೇ ಇತ್ತು. ಮಳೆಯ ಹೆಸರು ಹೇಳುವುದೆಂದರೆ ಆಳುವವರಿಗೆ ತಪ್ಪಿಸಿಕೊಳ್ಳಲು ಕಿಂಡಿ ತೆರೆದಂತೆ ಎಂಬ ಎಚ್ಚರ ಅದರಲ್ಲಿತ್ತು. ಆದರೆ ಆ ಎಚ್ಚರದ ಭರದಲ್ಲಿ ಮಳೆಯ ಅಧ್ಯಯನವನ್ನು ಪೂರ್ತಿಯಾಗಿ ಹವಾಮಾನ ಇಲಾಖೆಗೆ ಬಿಟ್ಟುಕೊಟ್ಟಂತಾಯಿತು.

ಆ ಇಲಾಖೆಯ ಕಥೆಯೂ ಕ್ಷಾಮದಿಂದಲೇ ಬೆಳೆದದ್ದು. 1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫರ್ಡ್, ಹಿಮಾಲಯದ ಹಿಮ ಹೆಚ್ಚಾದ ವರ್ಷ ಮುಂಗಾರು ಸೊರಗುತ್ತದೆಯೇ ಎಂದು ಹುಡುಕಿದ. 1904ರಲ್ಲಿ ಬಂದ ಗಿಲ್ಬರ್ಟ್ ವಾಕರ್ ಜಗತ್ತಿನ ಮೂಲೆಮೂಲೆಯ ವಾಯುಭಾರದ ಅಂಕಿಗಳನ್ನು ಕೂಡಿಸಿ ಕಳೆದು, ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ನಡುವೆ ತಕ್ಕಡಿಯಂಥ ಏರಿಳಿತವೊಂದನ್ನು ಕಂಡುಕೊಂಡ. ಅದನ್ನು ಪೆರುವಿನ ಕರಾವಳಿಯ ಎಲ್ ನಿನೊಗೆ, ಅಂದರೆ ಕೆಲವು ವರ್ಷಗಳಿಗೊಮ್ಮೆ ಪೆಸಿಫಿಕ್ ಸಾಗರದ ನೀರು ಬಿಸಿಯೇರಿ ಹಲವು ಸಲ ನಮ್ಮ ಮುಂಗಾರನ್ನೂ ಸೊರಗಿಸುವ ವಿದ್ಯಮಾನಕ್ಕೆ, ಜೋಡಿಸಿ ವಿವರಿಸಿದ್ದು 1969ರಲ್ಲಿ, ಜೇಕಬ್ ಬ್ಜರ್ಕ್ನೆಸ್. ಮೈಸೂರು ಸೀಮೆ ಹಸಿದ ಅದೇ ವರ್ಷಗಳಲ್ಲಿ ಉತ್ತರ ಚೀನಾ ಮತ್ತು ಬ್ರೆಜಿಲ್‌ನ ಈಶಾನ್ಯ ಭಾಗಗಳೂ ಬರದಲ್ಲಿ ಬೆಂದದ್ದೇಕೆ ಎಂಬುದಕ್ಕೆ ಹೀಗೆ ಸುಮಾರು ಒಂದು ಶತಮಾನದ ಮೇಲೆ ಉತ್ತರ ಸಿಕ್ಕಿತು. ಚರಿತ್ರೆಕಾರ ರಿಚರ್ಡ್ ಗ್ರೋವ್ ಇದೇ ಸೂತ್ರ ಹಿಡಿದು ಇನ್ನೂ ಹಿಂದಕ್ಕೆ ಹೋದರು. ಆಂಧ್ರದ ಸಾಮಲಕೋಟೆಯಲ್ಲಿ ಸಸ್ಯವಿಜ್ಞಾನಿ ವಿಲಿಯಂ ರಾಕ್ಸ್‌ಬರ್ಗ್ ಬರೆದಿಟ್ಟಿದ್ದ ಮಳೆಯ ದಾಖಲೆಗಳೂ ಸೇರಿದಂತೆ ಹಲವು ಆಧಾರಗಳಿಂದ, 1789–93ರ ನಡುವೆಯೂ ಅಸಾಧಾರಣ ಎಲ್ ನಿನೊ ಇತ್ತೆಂದು ತೋರಿಸಿದರು. ದಖ್ಖನಿನಲ್ಲಿ ತಲೆಬುರುಡೆಗಳ ಬರವೆಂದು ಹೆಸರಾದ ಕ್ಷಾಮ ಬಿದ್ದದ್ದು ಆಗಲೇ. ಮೂರನೇ ಮೈಸೂರು ಯುದ್ಧವೂ ಆ ವರ್ಷಗಳದ್ದೇ. ಇಷ್ಟಕ್ಕೇ ಎಲ್ ನಿನೊ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡಿತು ಎಂದುಬಿಟ್ಟರೆ ಅದು ಹುಡುಗಾಟವಾದೀತು. ಎತ್ತುಗಳು ಸತ್ತ ಮೇಲೂ ಕಾರ್ನ್‌ವಾಲಿಸ್ 1792ರ ಫೆಬ್ರುವರಿಯಲ್ಲಿ ಮರಳಿ ಬಂದ, ಮರಾಠರು ಮತ್ತು ನಿಜಾಮನ ಬೆಂಬಲದಿಂದ ಗೆದ್ದ.

ಮನುಷ್ಯ ಮತ್ತು ಪ್ರಕೃತಿಯ ಕಥೆಗಳನ್ನು ಬೇರ್ಪಡಿಸುವುದು ಎಷ್ಟು ಕಷ್ಟವೆಂಬುದಕ್ಕೆ ತಲಕಾಡಿಗಿಂತ ಒಳ್ಳೆಯ ಸಾಕ್ಷಿ ನಮ್ಮಲ್ಲಿಲ್ಲ. ವಿಷ್ಣುವರ್ಧನ ಚೋಳರನ್ನು ಗೆದ್ದು 1117ರಲ್ಲಿ ಕಟ್ಟಿಸಿದ ಕೀರ್ತಿನಾರಾಯಣ ಗುಡಿಗೆ ಇಂದು ಹೋಗುವವರು ಮರಳದಿಬ್ಬ ಹತ್ತಿ, ಆಮೇಲೆ ಗುಂಡಿಗೆ ಇಳಿಯುವಂತೆ ಕೆಳಗಿಳಿಯಬೇಕು. ಬಿಸಿಲು ಏರಿದ ಮೇಲೆ ಆ ಮರಳಿನಲ್ಲಿ ಬರಿಗಾಲು ಊರಲಾಗದು. ‘ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ’ ಎಂಬ ಅಲಮೇಲಮ್ಮನ ಶಾಪ ಎಲ್ಲರಿಗೂ ಬಾಯಿಪಾಠ. ಅದು 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಸಂದರ್ಭದ ಕಥೆ. ಕೆ.ಎನ್. ಗಣೇಶಯ್ಯನವರಂಥ ವಿಜ್ಞಾನಿಗಳು ಮುಂದಿಟ್ಟಿರುವ ವಿವರಣೆ ಬೇರೆ. ವಿಜಯನಗರದ ಕಾಲದಲ್ಲಿ ಹತ್ತಿರವೇ ಕಟ್ಟಿದ ಮಾಧವಮಂತ್ರಿ ಅಣೆಕಟ್ಟೆಯಿಂದ ಹೊಳೆಯ ಹರಿವು ತಗ್ಗಿ, ತಿರುವಿನ ದಂಡೆಯಲ್ಲಿ ಮರಳು ತೆರೆದುಕೊಂಡಿತು. ಮುಂಗಾರಿನ ನೈಋತ್ಯ ಗಾಳಿ ಅದನ್ನು ಊರ ಮೇಲಕ್ಕೆ ತೂರಿತು. ಹಾಗಾದರೆ ತಲಕಾಡನ್ನು ಮುಚ್ಚಿದ್ದು ಗಾಳಿಯೇ, ಕಟ್ಟೆ ಕಟ್ಟಿದವರೇ? ಗದ್ದೆಗೆ ನೀರು ಹಾಯಿಸಲು ಹೊರಟವರು ಅರಿವಿಲ್ಲದೆ ಒಂದು ಮರಳುಗಾಡನ್ನು ಮಾಡಿದರು. ಇಲ್ಲಿ ಹಾನಿಯಾದದ್ದು ಒಂದು ಹೊಳೆಯ ತಿರುವಿಗೆ. ಈಗ ಅದೇ ಬಗೆಯ ಕೆಲಸ ಇಡೀ ವಾತಾವರಣದ ಮೇಲೆ ನಡೆದಿದೆ.

ಆಕರಗಳ ಮಾತೂ ಇದೆ. ಬಿ.ಎಲ್. ರೈಸ್ ಸಂಪಾದಿಸಿದ ಮೈಸೂರು ಸೀಮೆಯ ಶಾಸನಗಳನ್ನು ನಾವು ಬಹುಕಾಲ ದೊರೆಗಳ ವಂಶಾವಳಿಗಾಗಿ ಓದಿದೆವು. ಅದೇ ಶಾಸನಗಳಲ್ಲಿ ಕೆರೆ ಒಡೆದ, ತೂಬು ಇಡಿಸಿದ, ಏರಿ ಕಟ್ಟಿಸಿದ, ಕೆರೆಯ ನಿಗಾ ನೋಡುವವರಿಗೆ ಬಿತ್ತುವಟ್ಟವೆಂದು ಭೂಮಿ ಬಿಟ್ಟ ವಿವರಗಳು ತುಂಬಿವೆ. ಮೇಘಾಲಯದ ಮಾವ್‌ಮ್ಲು ಗುಹೆಯ ಸುಣ್ಣದ ಕಂಬಗಳಿಂದ 4,200 ವರ್ಷಗಳ ಹಿಂದಿನ ದೊಡ್ಡ ಬರವನ್ನು ಗುರುತಿಸಿರುವ ವಿಜ್ಞಾನಿಗಳ ಲೆಕ್ಕದ ಪಕ್ಕ ಈ ಶಾಸನಗಳನ್ನಿಟ್ಟು ಓದುವ ಕೆಲಸ ಮೈಸೂರಿನಲ್ಲಿ ನಡೆಯಬೇಕಾದಷ್ಟು ನಡೆದಿಲ್ಲ ಎಂದೇ ನನ್ನ ಅಭಿಪ್ರಾಯ. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಎನ್ನುವ ಗಾದೆಯೂ ಒಂದು ಹವಾಮಾನ ದಾಖಲೆಯೇ. ಮಳೆ ತನ್ನ ನಕ್ಷತ್ರಕ್ಕೆ ಸರಿಯಾಗಿ ಬರುತ್ತದೆ ಎಂಬ ಭರವಸೆ ಅದರ ಆಧಾರ.

ಈ ಭರವಸೆಯ ಮೇಲೆ ನಿಂತಿರುವುದು ಗಾದೆಯೊಂದೇ ಆಗಿದ್ದರೆ ಚಿಂತೆ ಇರಲಿಲ್ಲ. ಮಂಡ್ಯದ ಬದುಕನ್ನು ನಿರ್ಧರಿಸುವ ಕಾವೇರಿ ಹಂಚಿಕೆಯೂ ಹಾಗೆಯೇ ನಿಂತಿದೆ. ಮೈಸೂರು ಮತ್ತು ಮದರಾಸು ನಡುವಿನ 1892ರ, 1924ರ ಒಪ್ಪಂದಗಳು, 2007ರ ನ್ಯಾಯಮಂಡಳಿ ತೀರ್ಪು, 2018ರ ಫೆಬ್ರುವರಿಯ ಸುಪ್ರೀಂ ಕೋರ್ಟ್ ತೀರ್ಪು, ಎಲ್ಲವೂ ಹಿಂದಿನ ಹರಿವನ್ನು ನೋಡಿ ಮುಂದಿನದನ್ನು ಅಳೆದವು. ಈಗಿನ ಲೆಕ್ಕ ‘ಸಾಮಾನ್ಯ ವರ್ಷ’ದಲ್ಲಿ 740 ಟಿಎಂಸಿ ಅಡಿ ಸಿಗುತ್ತದೆ ಎಂಬುದು, ಅಂದರೆ ಎರಡು ವರ್ಷಕ್ಕೊಮ್ಮೆಯಾದರೂ ಅಷ್ಟು ನೀರು ಬಂದೀತೆಂಬ ಅಂದಾಜು. ಅದರಲ್ಲಿ ಕರ್ನಾಟಕದ ಪಾಲು 284.75. ಕಾಕತಾಳೀಯವೋ ಏನೋ, 1924ರ ಫೆಬ್ರುವರಿಯ ಒಪ್ಪಂದದ ಹಿಂದೆಯೇ ಜುಲೈನಲ್ಲಿ ಕಾವೇರಿ ಕಂಡರಿಯದ ಪ್ರವಾಹ ತಂದಳು. 2018ರ ತೀರ್ಪಿನ ಹಿಂದೆಯೇ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2023ರಲ್ಲಿ ಎಲ್ ನಿನೊ ಮರಳಿ ಬಂತು, ಕನ್ನಂಬಾಡಿ ತುಂಬಲಿಲ್ಲ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಸಂಕಷ್ಟದ ವರ್ಷದಲ್ಲಿ ನೀರು ಹಂಚುವುದು ಹೇಗೆಂಬ ಜಗಳ ಮತ್ತೆ ಮಂಡ್ಯದ ಹೆದ್ದಾರಿಗೆ ಬಂತು.

ಒಂದು ನಿರ್ದಿಷ್ಟ ವರ್ಷದ ಬರವನ್ನು ಪೂರ್ತಿಯಾಗಿ ಇಂಗಾಲದ ತಲೆಗೆ ಕಟ್ಟುವುದು ಸರಿಯಲ್ಲ. ಎಲ್ ನಿನೊ ಕಲ್ಲಿದ್ದಲಿಗಿಂತ ಬಹಳ ಹಳೆಯದು. ಆದರೆ ಕೈಗಾರಿಕೆಗಳಿಗೆ ಮೊದಲು ಹತ್ತು ಲಕ್ಷಕ್ಕೆ ಸುಮಾರು 280 ಭಾಗವಿದ್ದ ಇಂಗಾಲದ ಡೈ ಆಕ್ಸೈಡ್ ಈಗ 420 ದಾಟಿರುವಾಗ, ಆ ಎಲ್ ನಿನೊ ಬರುತ್ತಿರುವುದು ಹೆಚ್ಚು ಬಿಸಿಯಾದ ಜಗತ್ತಿಗೆ. ನವರೋಜಿಯವರ ಕಾಲದಲ್ಲಿ ‘ಮಳೆಯೇ, ಸರಕಾರವೇ’ ಎಂದು ಬಿಡಿಸಿ ಕೇಳಬಹುದಿತ್ತು. ಈಗ ಮಳೆಯೊಳಗೇ ಸರಕಾರಗಳ, ಕಂಪನಿಗಳ, ಶ್ರೀಮಂತ ದೇಶಗಳ ಇನ್ನೂರು ವರ್ಷಗಳ ನಿರ್ಧಾರಗಳು ಸೇರಿಕೊಂಡಿವೆ. ಆ ಹೊಣೆಯಲ್ಲಿ ಮದ್ದೂರಿನ ಕಬ್ಬಿನ ರೈತನ ಪಾಲನ್ನೂ ಲಂಡನ್ನಿನ ಪಾಲನ್ನೂ ‘ಮನುಷ್ಯಕುಲ’ ಎಂಬ ಒಂದೇ ಹೆಸರಿನಡಿ ಸೇರಿಸಬಹುದೇ ಎಂಬುದು ಚಕ್ರವರ್ತಿಯವರ ವಾದಕ್ಕೆ ಅವರ ಟೀಕಾಕಾರರು ಎತ್ತಿರುವ ನ್ಯಾಯವಾದ ತಕರಾರು.

ಸುಪ್ರೀಂ ಕೋರ್ಟ್ ತನ್ನ ಹಂಚಿಕೆಯನ್ನು ಹದಿನೈದು ವರ್ಷ ಬದಲಿಸುವಂತಿಲ್ಲವೆಂದಿದೆ. 2033ರ ಸುಮಾರಿಗೆ ಎರಡೂ ರಾಜ್ಯಗಳು ಮತ್ತೆ ಕಡತ ತೆರೆದಾಗ, ‘ಸಾಮಾನ್ಯ ವರ್ಷ’ವನ್ನು ಯಾವ ದಶಕಗಳಿಂದ ಲೆಕ್ಕ ಹಾಕಬೇಕು, ಹಾಗೊಂದು ವರ್ಷ ಇನ್ನೂ ಇದೆಯೇ ಎಂಬ ಪ್ರಶ್ನೆಗಳು ಮೊದಲಿಗೇ ಏಳುತ್ತವೆ. ಅಲ್ಲಿ ಎಂಜಿನಿಯರುಗಳ ಮತ್ತು ವಕೀಲರ ಜೊತೆಗೆ ಚರಿತ್ರೆಕಾರರೂ ಕೂರಬೇಕಾಗುತ್ತದೆ.