ಲೇಸರ್ ಹೊಂದಿಸುವುದು: ಓರೆ ಬೇರೆ, ಬಲ ಬೇರೆ

ಗೇಮ್ ಕನ್ಸೋಲ್ ಡಿಸ್ಕ್ ಓದದಿದ್ದರೆ ‘ಲೇಸರ್ ಅಡ್ಜಸ್ಟ್ ಮಾಡು’ ಅಂದುಬಿಡುತ್ತೇವೆ. ಆ ಒಂದು ಮಾತಿನಲ್ಲಿ ಎರಡು ಕೆಲಸ ಸೇರಿಕೊಂಡಿವೆ: ಲೆನ್ಸಿನ ಓರೆ ತೆಗೆಯುವುದು, ಬೆಳಕಿನ ಬಲ ಹೆಚ್ಚಿಸುವುದು. ಎರಡೂ ಒಂದೇ ಅಂದುಕೊಂಡು ನಾನು ಒಂದು ಪಿಕಪ್ (ಲೇಸರ್, ಲೆನ್ಸ್ ಎರಡೂ ಇರುವ, ಡಿಸ್ಕ್ ಓದುವ ಭಾಗ) ಸುಟ್ಟುಕೊಂಡಿದ್ದೇನೆ.

ಮೊದಲು ಓರೆಯ ವಿಷಯ. ಸಿಡಿಯಲ್ಲಿ ಸಾಲಿನಿಂದ ಸಾಲಿಗೆ ಇರುವ ಅಂತರ 1.6 ಮೈಕ್ರೋಮೀಟರ್, ಓದುವ ಬೆಳಕು 780 ನ್ಯಾನೋಮೀಟರಿನದು. ಡಿವಿಡಿಗೆ ಬಂದರೆ ಅಂತರ 0.74ಕ್ಕೆ ಇಳಿಯುತ್ತದೆ, ಬೆಳಕು 650 ಆಗುತ್ತದೆ. ಅಷ್ಟು ಸಣ್ಣ ಚುಕ್ಕೆ ಬೀಳಬೇಕಾದರೆ ಲೆನ್ಸ್ ಬೆಳಕನ್ನು ಹೆಚ್ಚು ಬಾಗಿಸಬೇಕು. ಹಾಗೆ ಬಾಗಿಸಿದ ಬೆಳಕು ಪ್ಲಾಸ್ಟಿಕ್ಕಿನೊಳಗೆ ಸ್ವಲ್ಪ ಓರೆಯಾಗಿ ನುಗ್ಗಿದರೂ ಚುಕ್ಕೆಗೆ ಧೂಮಕೇತುವಿನಂತೆ ಬಾಲ ಬರುತ್ತದೆ. ಇದನ್ನು ತಗ್ಗಿಸಲೆಂದೇ ಡಿವಿಡಿಯಲ್ಲಿ ಮಾಹಿತಿಯ ಪದರ 0.6 ಮಿಲಿಮೀಟರ್ ಆಳದಲ್ಲಿದೆ. ಸಿಡಿಯಲ್ಲಿ ಬೆಳಕು ಸುಮಾರು 1.2 ಮಿಲಿಮೀಟರ್ ದಾಟಬೇಕು.

ಫೋಕಸ್ ಮಾತ್ರ ನಾವು ಕೈಯಿಂದ ಹೊಂದಿಸುವುದಲ್ಲ. ಮರಳಿ ಬಂದ ಬೆಳಕು ನಾಲ್ಕು ಭಾಗದ ಸೆನ್ಸರಿನ ಮೇಲೆ ಬೀಳುತ್ತದೆ. ಫೋಕಸ್ ಸರಿಯಿದ್ದರೆ ದುಂಡಗೆ, ತಪ್ಪಿದರೆ ಮೊಟ್ಟೆಯಾಕಾರ. ಎದುರುಬದುರು ಭಾಗಗಳನ್ನು ಕೂಡಿ, ಒಂದು ಜೋಡಿಯಿಂದ ಇನ್ನೊಂದನ್ನು ಕಳೆದರೆ ಲೆನ್ಸ್ ಮೇಲೆ ಹೋಗಬೇಕೋ ಕೆಳಗೋ ತಿಳಿಯುತ್ತದೆ. ಸಣ್ಣ ಕಾಯಿಲ್ ಅದನ್ನು ಕ್ಷಣಕ್ಷಣವೂ ಸರಿಸುತ್ತಿರುತ್ತದೆ.

1994ರ ಮೊದಲ ಪ್ಲೇಸ್ಟೇಷನ್ನಿನ ಆರಂಭದ ಮಾದರಿಗಳನ್ನು ಜನ ತಲೆಕೆಳಗಾಗಿಟ್ಟು ಆಡುತ್ತಿದ್ದುದು ಕೇಳಿರಬಹುದು. ಪಿಕಪ್ ಜಾರುವ ಪ್ಲಾಸ್ಟಿಕ್ ಭಾಗ ಸವೆದು ಲೆನ್ಸ್ ಓರೆಯಾಗುತ್ತಿತ್ತು. ಮಗುಚಿದರೆ ಭಾರ ಆಚೆ ಬದಿಗೆ ಬೀಳುತ್ತಿತ್ತು. ಅಲ್ಲಿ ಬೆಳಕಿನ ಬಲ ಹೆಚ್ಚಿಸಿ ಏನು ಬಂತು?

ಹಾಗಾಗಿ ಮೊದಲು ಐಸೋಪ್ರೊಪೈಲ್ ಆಲ್ಕೋಹಾಲ್ ಸೋಕಿಸಿದ ಹತ್ತಿಯಿಂದ ಲೆನ್ಸ್ ಒರೆಸಿ, ಒತ್ತಬೇಡಿ. ಪಿಕಪ್ ಜಾರುವ ಹಳಿಯ ಹಳೆಯ ಗ್ರೀಸ್ ತೆಗೆದು ಹೊಸದು ಸವರಿ. ಮೊದಲ ದಪ್ಪ ಪ್ಲೇಸ್ಟೇಷನ್ 2ರಲ್ಲಿ ಓರೆ ಹೊಂದಿಸಲು ಹಳಿಯ ಪಕ್ಕ ಒಂದು ಪುಟ್ಟ ಬಿಳಿ ಹಲ್ಲುಚಕ್ರವಿದೆ. ಅದು ಎಲ್ಲಿತ್ತೆಂದು ಮಾರ್ಕರಿನಿಂದ ಗುರುತು ಹಾಕಿ, ಒಂದೇ ಹಲ್ಲು ತಿರುಗಿಸಿ, ಡಿಸ್ಕ್ ಹಾಕಿ ನೋಡಿ.

ಇಷ್ಟಾದರೂ ಆಗದಿದ್ದರೆ ಮಾತ್ರ ಪಿಕಪ್ಪಿನ ಮೇಲಿರುವ ಸಣ್ಣ ಪಾಟ್, ಅಂದರೆ ತಿರುಗಿಸಿ ಬೆಳಕಿನ ಬಲ ಬದಲಿಸುವ ಪುಟ್ಟ ರೆಸಿಸ್ಟರ್. ಡ್ರೀಮ್‌ಕಾಸ್ಟ್, ಗೇಮ್‌ಕ್ಯೂಬ್ ಕನ್ಸೋಲ್‌ಗಳಲ್ಲಿ ಎಲ್ಲರ ಕೈ ಮೊದಲು ಹೋಗುವುದು ಇಲ್ಲಿಗೇ. ಕರೆಂಟ್ ತೆಗೆದು, ಮಲ್ಟಿಮೀಟರಿನಲ್ಲಿ ಓಮ್ ಅಳೆದು ಬರೆದಿಡಿ. ತಿರುಗಿಸುವುದು ಕೂದಲೆಳೆಯಷ್ಟು, ಸ್ಕ್ರೂಡ್ರೈವರ್ ಅಲುಗಿತೋ ಇಲ್ಲವೋ ಅನ್ನಿಸಬೇಕು. ಸಾಮಾನ್ಯವಾಗಿ ಓಮ್ ಇಳಿದಷ್ಟೂ ಲೇಸರ್ ಬೆಳಕು ಕೊಡುವ ಡಯೋಡಿಗೆ ಹೆಚ್ಚು ಕರೆಂಟ್ ಹೋಗುತ್ತದೆ. ಮುದಿ ಡಯೋಡ್ ಕೆಲ ಕಾಲ ಚುರುಕಾಗುತ್ತದೆ, ಆಯುಷ್ಯ ಅಷ್ಟೇ ಬೇಗ ಕರಗುತ್ತದೆ. ನಾನು ಒಂದೇ ಸಲ ಕಾಲು ಸುತ್ತು ತಿರುಗಿಸಿದ್ದೆ. ಆಟ ಶುರುವಾಯಿತು, ಎರಡು ದಿನ ಖುಷಿ, ಆಮೇಲೆ ಕತ್ತಲು.

ಮುಚ್ಚಳ ತೆಗೆದು ಓಡಿಸುವಾಗ ಲೆನ್ಸಿನೊಳಗೆ ಇಣುಕಬೇಡಿ. ಸಿಡಿಯ 780 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ, ಆದರೆ ಕಣ್ಣನ್ನು ಸುಡಬಲ್ಲದು.

ಹೊಸ ಪಿಕಪ್ ಹಾಕಿಯೂ ಡಿಸ್ಕ್ ಓದದಿದ್ದರೆ ಪಾಟ್ ಮುಟ್ಟಬೇಡಿ. ಸ್ಥಿರ ವಿದ್ಯುತ್ತಿನಿಂದ ಡಯೋಡ್ ಉಳಿಸಲು ಎಷ್ಟೋ ಪಿಕಪ್‌ಗಳಲ್ಲಿ ಎರಡು ಬಿಂದುಗಳನ್ನು ಬೆಸುಗೆಯಿಂದ ಸೇರಿಸಿ ಕಳಿಸಿರುತ್ತಾರೆ. ಆ ಬೆಸುಗೆಯ ಹನಿ ತೆಗೆದಿದ್ದೀರಾ, ಅದನ್ನು ನೋಡಿ.