ಕೋವಿಯ ಮೇಲಿನ ಕನ್ನಡಿ: ಸ್ನೈಪರನ ಪೆಟ್ಟಿಗೆಯಿಂದ ಜವಾನನ ಕೈಗೆ

ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ತೋಕ್ ಪೂ (ಕೋವಿ ಹೂ) ಸಿಕ್ಕಿಸಿಕೊಂಡು ಪೂಜೆಗೆ ನಿಲ್ಲುವ ಕೋವಿಗಳ ಮೇಲೆ ಸ್ಕೋಪ್, ಅಂದರೆ ಗುರಿಯನ್ನು ಹಿಗ್ಗಿಸಿ ತೋರಿಸುವ ದುರ್ಬೀನು, ಇರುವುದಿಲ್ಲ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲೂ ಹಿಂದಿನ ಸೀಳಿನಲ್ಲಿ ಮುಂದಿನ ಕಡ್ಡಿ ಕೂರಿಸಿ ಕುದುರೆ ಎಳೆಯುವುದೇ ರೂಢಿ. ಸೈನ್ಯದ ಹಳೆಯ ರೈಫಲ್ ಎಸ್‌ಎಲ್‌ಆರ್ ಹಿಡಿದು ನಿವೃತ್ತರಾದ ಕೊಡಗಿನ ಹಿರಿಯರಿಗೆ, ಸಾಮಾನ್ಯ ಜವಾನನ ರೈಫಲಿಗೂ ಸ್ಕೋಪ್ ಬೇಕೆಂಬ ಸೈನ್ಯದ ಇಂದಿನ ಚರ್ಚೆ ವಿಚಿತ್ರವಾಗಿ ಕಾಣುವುದು ಸಹಜ. ರಜೆಗೆ ಬರುವ ಹುಡುಗರೋ ರೆಡ್ ಡಾಟ್, ಕತ್ತಲಲ್ಲಿ ಗುರಿ ಕಾಣಿಸುವ ನೈಟ್ ಸೈಟ್, ಹಗಲಿನ ಡೇ ಸ್ಕೋಪ್ ಎಲ್ಲವನ್ನೂ ಒಂದೇ ಹೆಸರಲ್ಲಿ ಕರೆದು ಗೊಂದಲ ಹೆಚ್ಚಿಸುತ್ತಾರೆ. ರೆಡ್ ಡಾಟ್ ಏನನ್ನೂ ದೊಡ್ಡದು ಮಾಡಿ ತೋರಿಸುವುದಿಲ್ಲ, ಬೇಗ ಗುರಿ ಹಿಡಿಯಲು ಕೆಂಪು ಚುಕ್ಕಿ ಕೊಡುತ್ತದೆ, ಅಷ್ಟೇ. ಇಲ್ಲಿನ ಮಾತು ಹಿಗ್ಗಿಸಿ ತೋರಿಸುವ ಸ್ಕೋಪಿನದು.

ಲೆಕ್ಕ ಸರಳ. ನಾಲ್ಕು ಪಟ್ಟು ಹಿಗ್ಗಿಸುವ ಸ್ಕೋಪಿನಲ್ಲಿ 300 ಮೀಟರ್ ದೂರದ ತೆಂಗಿನಕಾಯಿ 75 ಮೀಟರಿನಲ್ಲಿ ಇದ್ದಂತೆ ಕಾಣುತ್ತದೆ. ಬರಿಗಣ್ಣಿನಲ್ಲಾದರೆ ಮುಂದಿನ ಕಡ್ಡಿಯೇ ಅದನ್ನು ಪೂರ್ತಿ ಮುಚ್ಚಿಬಿಡುತ್ತದೆ. ಆದರೆ ಸ್ಕೋಪಿನ ದೊಡ್ಡ ಉಪಕಾರ ಗುಂಡು ಹೊಡೆಯುವುದರಲ್ಲಿ ಅಲ್ಲ, ನೋಡುವುದರಲ್ಲಿ. ಪೊದೆಯ ಹಿಂದಿರುವುದು ಆಳೋ ಬಂಡೆಯೋ, ಕೈಯಲ್ಲಿರುವುದು ಕೋವಿಯೋ ಗುದ್ದಲಿಯೋ ಎಂದು ತಿಳಿಯುತ್ತದೆ. ಗುಂಡು ಹಾರಿಸದೆ ಉಳಿಯುವ ನಿರ್ಧಾರಗಳೂ ಅದರಿಂದಲೇ ಹುಟ್ಟುತ್ತವೆ.

ಮೊದಲ ಮಹಾಯುದ್ಧದ ಕಂದಕಗಳಲ್ಲಿ ಜರ್ಮನ್ನರು ಸ್ಕೋಪ್ ಹಿಡಿದು ಮುಂದೆ ಹೋದರು, ಬ್ರಿಟಿಷರು ತಡವಾಗಿ ಎಚ್ಚೆತ್ತರು. ಕ್ಲಿಪ್ಪಿನಿಂದ ಮೇಲಿನಿಂದಲೇ ತೋಟಾ ತುಂಬಲು ಜಾಗ ಬೇಕೆಂದು ಅವರು ಸ್ಕೋಪನ್ನು ರೈಫಲಿನ ಎಡಪಕ್ಕಕ್ಕೆ ಸರಿಸಿದರು. ಸೈನಿಕ ಕೆನ್ನೆ ಎತ್ತಿ, ಕತ್ತು ಓರೆ ಮಾಡಿ ನೋಡಬೇಕಾಯಿತು. ಎರಡನೇ ಮಹಾಯುದ್ಧದ ಅವರ ಸ್ನೈಪರ್ ರೈಫಲ್ ನಂಬರ್ 4 (ಟಿ)ಯಲ್ಲಿ ಸ್ಕೋಪ್ ನಡುಮಧ್ಯಕ್ಕೆ ಬಂತು, ಕೆನ್ನೆಗೆ ಮರದ ದಿಂಬು ಸಿಕ್ಕಿತು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಸ್ಕೋಪ್ ಯಾವ ರೈಫಲಿಗೆ ಎಂಬ ನಂಬರನ್ನು ರೈಫಲಿನ ಮರದ ಮೇಲೇ ಒತ್ತಿದರು. ರೈಫಲ್ ಮತ್ತು ಸ್ಕೋಪ್ ಒಂದು ಜೋಡಿ, ಬಿಡಿ ಸಾಮಾನಲ್ಲ ಎಂಬ ತಿಳಿವಳಿಕೆ ಆ ಕಾಲದ್ದು. ಮುಂದೆ ಅದನ್ನು ಮರೆತಲ್ಲೆಲ್ಲ ಸ್ಕೋಪುಗಳು ಕೋತ್‌ನ (ಆಯುಧ ಕೋಣೆಯ) ಕಪಾಟಿನಲ್ಲಿ ಉಳಿದವು.

1963ರಲ್ಲಿ ಸೋವಿಯತ್ ಸೈನ್ಯ ಡ್ರಾಗುನೋವ್ ರೈಫಲನ್ನು ಒಪ್ಪಿಕೊಂಡಿತು. ಸ್ಕೋಪ್ ತಂಡದ ಮಟ್ಟಕ್ಕೆ ಇಳಿದದ್ದು ಹೀಗೆ: ಬೆಟಾಲಿಯನ್ನಿನ ಕೆಲವೇ ಸ್ನೈಪರ್‌ಗಳ ಸ್ವತ್ತಾಗಿದ್ದದ್ದು ಸಾಧಾರಣ ತುಕಡಿಯ ಚುರುಕು ಗುರಿಗಾರನ ಕೈಗೆ ಬಂತು. ಭಾರತೀಯ ಪದಾತಿ ದಳದ ಹಲವು ತಲೆಮಾರುಗಳು ಸ್ಕೋಪ್ ಕಲಿತದ್ದು ಈ ರೈಫಲಿನ ಸ್ಕೋಪಾದ ಪಿಎಸ್‌ಒ-1ರ ಮೇಲೆಯೇ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು.

ಅದು ನಾಲ್ಕು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಗಾಜು 24 ಮಿ.ಮೀ. ರೈಫಲಿನ ಎಡಗೆನ್ನೆಯ ಹಳಿಗೆ ಜಾರಿಸಿ ಲಿವರ್ ಒತ್ತಿದರೆ ಕೂರುತ್ತದೆ. ತೆಗೆದರೂ ರೈಫಲಿನ ಸ್ವಂತ ಸೈಟ್ (ಸೀಳು, ಕಡ್ಡಿ) ಕೆಲಸಕ್ಕೆ ಇದ್ದೇ ಇರುತ್ತದೆ. ಮೇಲಿನ ತಿರುಗಣೆಯಲ್ಲಿ 1ರಿಂದ 10, ಅಂದರೆ 100ರಿಂದ 1,000 ಮೀಟರ್. ಒಳಗೆ ಎಡಗಡೆ ಕೆಳಗೆ ಬಾಗಿದ ಒಂದು ಗೆರೆ. 1.7 ಮೀಟರ್ ಎತ್ತರದ ಆಳಿನ ಕಾಲು ಕೆಳಗೆರೆಯಲ್ಲಿ, ತಲೆ ಬಾಗುಗೆರೆಯಲ್ಲಿ ತಾಗಿದ ಕಡೆಯ ಅಂಕಿಯೇ ದೂರ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಆಳು ಬಗ್ಗಿದ್ದರೆ, ಮೊಣಕಾಲವರೆಗೆ ಕಲ್ಲಿನ ಮರೆಯಲ್ಲಿದ್ದರೆ ಗಿಡ್ಡ ಕಾಣುತ್ತಾನೆ. ಗಿಡ್ಡ ಕಂಡರೆ ದೂರ ಜಾಸ್ತಿ ಎಂದು ಓದುತ್ತಾರೆ, ತಿರುಗಣೆ ಮೇಲಕ್ಕೇರಿಸುತ್ತಾರೆ, ಗುಂಡು ತಲೆಯ ಮೇಲಿಂದ ಹೋಗುತ್ತದೆ.

ಝೀರೋಯಿಂಗ್, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಸ್ಕೋಪ್ ಹೊಂದಿಸುವ ಕ್ರಮವೂ ಅಷ್ಟೇ ಶಿಸ್ತಿನದು. 100 ಮೀಟರಿನಲ್ಲಿ ಒರಗಿ ಮಲಗಿ, ಒಂದೇ ಲಾಟಿನ (ಒಟ್ಟಿಗೆ ತಯಾರಾದ) ತೋಟಾದಿಂದ ನಾಲ್ಕು ಗುಂಡು. ಗ್ರೂಪ್ (ಗುಂಡು ಬಿದ್ದ ತೂತುಗಳ ಗುಂಪು) ಚದುರಿದ್ದರೆ ತಿರುಗಣೆಗೆ ಕೈ ಹಾಕಬಾರದು, ತಪ್ಪು ಹಿಡಿತದಲ್ಲೋ ಸ್ಕೋಪನ್ನು ರೈಫಲಿಗೆ ಕೂರಿಸುವ ಮೌಂಟಿನಲ್ಲೋ ಇದೆ. ಗ್ರೂಪ್ ಬಿಗಿಯಾಗಿದ್ದು ಪಕ್ಕಕ್ಕೆ ಬಿದ್ದಿದ್ದರೆ ಮಾತ್ರ ತಿದ್ದಬೇಕು. ಮಿಲ್ ಎಂದರೆ ದೂರದ ಸಾವಿರದಲ್ಲೊಂದು ಪಾಲು. ಪಕ್ಕದ ತಿರುಗಣೆಯ ಅರ್ಧ ಮಿಲ್ ಎಂದರೆ ಆ ದೂರದಲ್ಲಿ 5 ಸೆಂ.ಮೀ. ಸರಿಹೋದ ಮೇಲೆ ತಿರುಗಣೆಯ ತಲೆಯ ಎರಡು ಪುಟ್ಟ ಸ್ಕ್ರೂ ಸಡಿಲಿಸಿ, ಒಳಗಿನದು ಅಲುಗದಂತೆ ಅಂಕಿಯ ಬಳೆಯನ್ನಷ್ಟೇ ಸರಿಸಿ, ಮತ್ತೆ ಬಿಗಿಯಬೇಕು. ಬಿಗಿಯುವುದನ್ನು ಮರೆತರೆ ಬಳೆ ತಿರುಗುತ್ತದೆ, ಗುರಿ ತಿರುಗುವುದಿಲ್ಲ.

ಅಷ್ಟರಲ್ಲಿ ಹೊರಗಿನ ಸೈನ್ಯಗಳು ಇನ್ನೊಂದು ಹೆಜ್ಜೆ ಇಟ್ಟಿದ್ದವು. ಆಸ್ಟ್ರಿಯಾ 1970ರ ದಶಕದ ಕೊನೆಯಲ್ಲಿ ಒಂದೂವರೆ ಪಟ್ಟಿನ ಸ್ಕೋಪನ್ನು ರೈಫಲಿನ ಹಿಡಿಕೆಯೊಳಗೇ ಸೇರಿಸಿತು. ಬ್ರಿಟನ್ 1980ರ ದಶಕದಲ್ಲಿ ನಾಲ್ಕು ಪಟ್ಟಿನ ಸುಸಾಟ್ ಸ್ಕೋಪನ್ನು ಪದಾತಿಗೆ ಹಂಚಿತು. ಅಮೆರಿಕದ ಮರೀನ್‌ಗಳಿಗೆ 2004ರ ನಂತರ ಎಕಾಗ್ ಸ್ಕೋಪ್ ಸಾಮಾನ್ಯವಾಯಿತು. 2022ರಲ್ಲಿ ಅವರ ಭೂಸೇನೆ ದೂರವನ್ನು ತಾನೇ ಅಳೆದು ಗುರಿಯ ಚುಕ್ಕಿ ತೋರಿಸುವ, ಒಂದರಿಂದ ಎಂಟು ಪಟ್ಟಿನ ಸ್ಕೋಪನ್ನು ಆರಿಸಿತು. ಸುಸಾಟ್, ಎಕಾಗ್‌ಗಳ ಒಳಗಿನ ಮಿಣುಕು ಟ್ರಿಟಿಯಂ ಎಂಬ ವಿಕಿರಣ ಅನಿಲದ್ದು. ಬ್ಯಾಟರಿ ಬೇಡ, ಆದರೆ 12 ವರ್ಷ ಕಳೆಯುವಷ್ಟರಲ್ಲಿ ಬೆಳಕು ಅರ್ಧಕ್ಕಿಳಿಯುತ್ತದೆ. ಕೊಳ್ಳುವ ದಿನ ಅದನ್ನು ಬದಲಿಸುವ ಖರ್ಚು ಯಾರ ಲೆಕ್ಕದಲ್ಲೂ ಇರುವುದಿಲ್ಲ.

ನಮ್ಮಲ್ಲಿ ಎಸ್‌ಎಲ್‌ಆರ್ ಹೋಗಿ ಇನ್ಸಾಸ್ ರೈಫಲ್ ಬಂದ ಮೇಲೂ ಸಾಮಾನ್ಯ ಜವಾನ ಹೆಚ್ಚಾಗಿ ಬರಿಗಣ್ಣನ್ನೇ ನಂಬಿದ್ದ. 2019ರಲ್ಲಿ 72,400 ಸಿಗ್ 716 ರೈಫಲುಗಳ ಒಪ್ಪಂದವಾಯಿತು. 7.62 ಮಿ.ಮೀ. ತೋಟಾ, ಪರಿಣಾಮಕಾರಿ ದೂರ 500 ಮೀಟರ್, ನೆತ್ತಿಯ ಮೇಲೆ ಉದ್ದಕ್ಕೂ ಹಳಿ. 500 ಮೀಟರಿನಲ್ಲಿ ಬರಿಗಣ್ಣಿಗೆ ಆಳು ಒಂದು ಕಡ್ಡಿಯಷ್ಟೇ, ಆ ದೂರ ದಕ್ಕಬೇಕಾದರೆ ಸ್ಕೋಪ್ ಬೇಕೇ ಬೇಕು. ರೈಫಲಿಗೆ ಒಂದು ಕಡತ, ಅದರ ಕಣ್ಣಿಗೆ ಇನ್ನೊಂದು. ಈ ರೈಫಲಿಗೆ ನೈಟ್ ಸೈಟ್ ಕೊಳ್ಳುವ ಸುಮಾರು 659 ಕೋಟಿ ರೂಪಾಯಿಯ ಒಪ್ಪಂದಕ್ಕೆ ಸಹಿ ಬಿದ್ದದ್ದು 2025ರ ಅಕ್ಟೋಬರಿನಲ್ಲಿ. ನಡುವೆ ಆರು ವರ್ಷ. ಇದಕ್ಕೆ ಒಬ್ಬರನ್ನು ದೂರುವಂತಿಲ್ಲ. ಖರೀದಿಯ ಕ್ರಮವೇ ಕೋವಿಯನ್ನು ಆಯುಧವೆಂದೂ ಸ್ಕೋಪನ್ನು ಜೊತೆಗಿನ ಸಾಮಾನೆಂದೂ ಎಣಿಸುತ್ತ ಬಂದಿದೆ.

ಹಂಚಿದ ಮೇಲಿನ ತೊಂದರೆಗಳು ಸಣ್ಣವು, ಆದರೆ ಗುಂಡು ತಪ್ಪುವುದು ಅವುಗಳಿಂದಲೇ. ಮೌಂಟಿನ ಸ್ಕ್ರೂ ಅಂದಾಜಿನಲ್ಲಿ ಬಿಗಿದರೆ ನೂರು ಗುಂಡಿಗೆ ಸಡಿಲ. ಅದಕ್ಕೇ ತಿಳಿದವರು ಸ್ಕ್ರೂ ತಲೆಯಿಂದ ಮೌಂಟಿನವರೆಗೆ ಬಿಳಿ ಬಣ್ಣದ ಗೆರೆ ಎಳೆದಿಡುತ್ತಾರೆ, ಗೆರೆ ತುಂಡಾದರೆ ಸ್ಕ್ರೂ ತಿರುಗಿದೆ ಎಂದೇ ಅರ್ಥ. ಬಯಲುಸೀಮೆಯ ರೇಂಜಿನಲ್ಲಿ ಝೀರೋ ಮಾಡಿದ ರೈಫಲ್ ಲಡಾಖಿನ ತೆಳುಗಾಳಿಯಲ್ಲಿ 500 ಮೀಟರಿಗೆ ಸುಮಾರು ಒಂದು ಗೇಣು ಮೇಲೆ ಹೊಡೆಯುತ್ತದೆ. ಕೊರೆಯುವ ಚಳಿಯಲ್ಲಿ ತೋಟಾದ ಮದ್ದು ನಿಧಾನವಾಗಿ ಉರಿದು ಗುಂಡನ್ನು ಸ್ವಲ್ಪ ಕೆಳಗಿಳಿಸುತ್ತದೆ. ಆದ್ದರಿಂದ ಜಾಗ ಬದಲಾದರೆ ಮತ್ತೆ ಝೀರೋ ಮಾಡಬೇಕು, ಅದಕ್ಕೆ ಹೆಚ್ಚುವರಿ ತೋಟಾ ಬೇಕು.

ಇನ್ನು ತೇವದ ಮಾತು, ಇದು ಕೊಡಗಿನವರಿಗೆ ಹೇಳಿಕೊಡಬೇಕಾದದ್ದಲ್ಲ. ಕಕ್ಕಡ ತಿಂಗಳ ಮಳೆಯಲ್ಲಿ ಮನೆಯ ಬೈನಾಕ್ಯುಲರಿಗೂ ಕ್ಯಾಮೆರಾ ಲೆನ್ಸಿಗೂ ಜೇಡರ ಬಲೆಯಂತೆ ಹಬ್ಬುವ ಬೂಷ್ಟು ಸ್ಕೋಪನ್ನೂ ಬಿಡುವುದಿಲ್ಲ. ಸೇನೆಯ ಸ್ಕೋಪಿನೊಳಗೆ ಒಣ ನೈಟ್ರೋಜನ್ ತುಂಬಿ ರಬ್ಬರ್ ಉಂಗುರದಿಂದ ಮುಚ್ಚಿರುತ್ತಾರೆ. ಕುತೂಹಲಕ್ಕೆ ಬಿಚ್ಚಿದರೆ ಅನಿಲ ಹೋಯಿತು, ಮಂಜು ಒಳಗೆ ಬಂತು. ಗಾಜನ್ನು ಅಂಗಿಯ ತುದಿಯಿಂದ ಉಜ್ಜುವಂತಿಲ್ಲ. ಮೊದಲು ದೂಳು ಊದಿ, ಮೆತ್ತನೆ ಕುಂಚದಿಂದ ಕೊಡವಿ, ಆಮೇಲೆ ಲೆನ್ಸ್ ಬಟ್ಟೆ. ಚರ್ಮದ ಚೀಲ ತೇವ ಕುಡಿದು ಬೂಷ್ಟಿಗೆ ಮನೆಯಾಗುತ್ತದೆ, ಮಳೆಗಾಲದಲ್ಲಿ ಅದನ್ನು ಬೇರೆಯೇ ಇಡಬೇಕು. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ನೀಲಿ ಸಿಲಿಕಾ ಜೆಲ್ ಹರಳಿನ ಜೊತೆ ಸ್ಕೋಪ್ ಇಟ್ಟು, ಹರಳು ಗುಲಾಬಿ ಬಣ್ಣಕ್ಕೆ ತಿರುಗಿದ ದಿನ ತೆಗೆದು, ಮತ್ತೆ ನೀಲಿಯಾಗುವವರೆಗೆ ಹದ ಬಿಸಿಯಲ್ಲಿ ಒಣಗಿಸಿ ಡಬ್ಬಿಗೆ ಹಾಕಬೇಕು.